ಮುರಿಯುವ ರೆಕ್ಕೆಯ ಉಪಕಾರ

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಜಾಣತನದ ಮಾತು. ಸಂಸಾರದಲ್ಲಿ, ವ್ಯವಹಾರದಲ್ಲಿ, ಕಡೆಗೆ ಸಂಘದ ಚುನಾವಣೆಯಲ್ಲಿಯೂ ನಾವು ಈ ಸೂತ್ರವನ್ನು ಹಿಡಿದೇ ನಡೆಯುತ್ತೇವೆ. ಪಾತ್ರೆಯಾಗಲಿ, ಕೊಡೆಯಾಗಲಿ, ಕುರ್ಚಿಯಾಗಲಿ, ಅಂಗಡಿಯವನನ್ನು ನಾವು ಮೊದಲು ಕೇಳುವ ಪ್ರಶ್ನೆ ಒಂದೇ: “ಗಟ್ಟಿಯಾಗಿದೆಯೇನಯ್ಯಾ?” ಅವನು “ಮೊಮ್ಮಕ್ಕಳ ಕಾಲಕ್ಕೂ ಆಗುತ್ತದೆ ಸ್ವಾಮಿ” ಎಂದರೆ ನಮ್ಮ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ಈ ಸೂತ್ರಕ್ಕೆ ಸಲ್ಲದ ಪದಾರ್ಥವೊಂದು ಇತ್ತೀಚೆಗೆ ನನ್ನ ಅನುಭವಕ್ಕೆ ಬಂದಿತು. ಅದು ರೇಡಿಯೋ ಮೂಲಕ ದೂರದಿಂದ ನಡೆಸುವ ಪುಟ್ಟ ಹೆಲಿಕಾಪ್ಟರಿನ ರೆಕ್ಕೆ. ಅಂಗಡಿಯ ಭಾಷೆಯಲ್ಲಿ ಬ್ಲೇಡು. ಕಲಿಯುವವನ ಕೈಯಲ್ಲಿರುವ ಹೆಲಿಕಾಪ್ಟರಿಗೆ ಮುರಿಯದ ರೆಕ್ಕೆಯನ್ನು ಕಟ್ಟುವುದು ದುಂದುವೆಚ್ಚ, ಒಮ್ಮೊಮ್ಮೆ ಅಪಾಯ ಕೂಡ. ಅಲ್ಲಿ ಹಾವು ಹೇಗಾದರೂ ಆಗಲಿ, ಕೋಲು ಮುರಿಯುವುದೇ ಲೇಸು. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಈಗ ಇಂಥ ಹಾರುವ ಯಂತ್ರಗಳ ಬೆನ್ನು ಹತ್ತಿರುವುದರಿಂದ, ಈ ಸಂಗತಿಯನ್ನು ನಾಲ್ವರಿಗೆ ಹೇಳಿದರೆ ಉಪಯೋಗವಾದೀತೆಂದು ಬರೆಯಲು ಕುಳಿತಿದ್ದೇನೆ.

ನನ್ನ ತಂಗಿಯ ಸಂಸಾರ ವಿಜಯವಾಡದಲ್ಲಿದೆ. ನಾನಿರುವುದು ವಿಶಾಖಪಟ್ಟಣದಲ್ಲಿ. ನಡುವೆ ಸುಮಾರು 350 ಕಿಲೋಮೀಟರು. ರೈಲಿನಲ್ಲಿ ಒಂದು ಹಗಲಿನ ಅರ್ಧ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ಆ ಊರಿನ ಎಷ್ಟೋ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುದನ್ನು ವಾಚಕರು ಮರೆತಿರಲಾರರು. ಅದೇ ಸಮಯದಲ್ಲಿ ಕೃಷ್ಣೆಯಲ್ಲಿಯೂ ಮಹಾಪೂರ. ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯುಸೆಕ್ಕಿಗೂ ಮೀರಿದ ನೀರು ಹರಿಯಿತು. ಮನೆಯ ಮೇಲ್ಚಾವಣಿಗಳಲ್ಲಿ ಕುಳಿತ ಜನರಿಗೆ ಹೆಲಿಕಾಪ್ಟರುಗಳೂ ಡ್ರೋನುಗಳೂ ಅನ್ನದ ಪೊಟ್ಟಣ, ನೀರಿನ ಸೀಸೆಗಳನ್ನು ತಲುಪಿಸಿದವು. ನೌಕಾಪಡೆಯ ಹೆಲಿಕಾಪ್ಟರುಗಳೂ ಆ ಕೆಲಸದಲ್ಲಿದ್ದವು.

ತಂಗಿಯ ಮನೆ ಎತ್ತರದ ಬೀದಿಯಲ್ಲಿರುವುದರಿಂದ ಅವರಿಗೆ ತೊಂದರೆಯಾಗಲಿಲ್ಲ. ಆದರೆ ನನ್ನ ಸೋದರಳಿಯ, ಆಗ ಹದಿನೈದರ ಹುಡುಗ, ಮಹಡಿಯ ಮೇಲೆ ನಿಂತು ಇದನ್ನೆಲ್ಲ ಕಣ್ಣಾರೆ ಕಂಡ. ಹೆಲಿಕಾಪ್ಟರು ಒಂದೇ ಕಡೆ ಗಾಳಿಯಲ್ಲಿ ನಿಂತು, ಕೆಳಗಿನ ಜನರತ್ತ ಪೊಟ್ಟಣ ಇಳಿಸಿ, ಮೂತಿ ತಗ್ಗಿಸಿ ಹಾರಿಹೋದ ನೋಟ ಅವನ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತು. ಅದೇ ವರ್ಷ ಅಕ್ಟೋಬರ್ 22ರಂದು ಪುನ್ನಮಿ ಘಾಟಿನಲ್ಲಿ 5,500 ಡ್ರೋನುಗಳು ಒಟ್ಟಿಗೆ ಏರಿ ಆಕಾಶದಲ್ಲಿ ಚಿತ್ರ ಬಿಡಿಸಿದಾಗಲೂ ಅವನು ಹೋಗಿದ್ದ. “ಚೆನ್ನಾಗಿತ್ತು ಮಾವ, ಆದರೆ ಅವುಗಳನ್ನೆಲ್ಲ ಕಂಪ್ಯೂಟರು ಹಾರಿಸುತ್ತದೆ. ಹೆಲಿಕಾಪ್ಟರನ್ನು ಮನುಷ್ಯನೇ ಹಾರಿಸಬೇಕು” ಎಂದು ನನಗೆ ಫೋನಿನಲ್ಲಿ ಹೇಳಿದ. ಆಗಲೇ ನನಗೆ ಗೊತ್ತಾಯಿತು, ಇವನಿಗೆ ಹಿಡಿದ ಹುಚ್ಚು ಬೇಗ ಬಿಡುವಂಥದಲ್ಲ ಎಂದು.

ಹಬ್ಬಕ್ಕೆ ನೆಂಟರಿಷ್ಟರು ಕೊಟ್ಟ ದುಡ್ಡನ್ನೆಲ್ಲ ಕೂಡಿಟ್ಟು, ಕಾಲೇಜು ಹುಡುಗನೊಬ್ಬನಿಂದ ಅವನೊಂದು ಹಳೆಯ ಹೆಲಿಕಾಪ್ಟರನ್ನು ಕೊಂಡುಕೊಂಡ. ಹವ್ಯಾಸಿಗಳು 450 ಎಂದು ಕರೆಯುವ ಗಾತ್ರದ್ದು. ಒಂದೊಂದು ರೆಕ್ಕೆ 325 ಮಿಲಿಮೀಟರು, ಎಂದರೆ ಒಂದಡಿಗೆ ತುಸು ಹೆಚ್ಚು. ಅದಕ್ಕೆ ಹೊಸ ರೆಕ್ಕೆ ಬೇಕೆಂದು ಅಂಗಡಿಯೊಂದರಲ್ಲಿ ಕೇಳಿದಾಗ ಅವರು ಕಾರ್ಬನ್ ನಾರಿನ ರೆಕ್ಕೆಯನ್ನು ಕೊಟ್ಟರಂತೆ. ಕಪ್ಪಗೆ ಕನ್ನಡಿಯಂತೆ ಹೊಳೆಯುವ ಪದಾರ್ಥ, ಮಣಿಸಿದರೆ ಮಣಿಯದು. “ಇದಕ್ಕಿಂತ ಗಟ್ಟಿಯಾದದ್ದು ಇಲ್ಲ” ಎಂದಿದ್ದರಂತೆ. ಆ ಮಾತೇನೋ ನಿಜವೇ.

ಊರ ಹೊರಗಿನ ಬಯಲಿನಲ್ಲಿ ಮೂರನೆಯ ದಿನ ಹೆಲಿಕಾಪ್ಟರು ನೆಲದಿಂದ ಮೊಳದೆತ್ತರದಲ್ಲಿ ತೂಗಾಡುತ್ತ, ಒಂದು ಪಕ್ಕಕ್ಕೆ ವಾಲಿ ಮಗುಚಿಕೊಂಡಿತು. ಬಿದ್ದ ಎತ್ತರ ಒಂದು ಮಣೆಯ ಮೇಲಿಂದ ಲೋಟ ಬಿದ್ದಷ್ಟು. ಆ ಭಾನುವಾರ ನಾನೂ ಅಲ್ಲಿದ್ದೆ. ಹುಡುಗ ಓಡಿಹೋಗಿ ಎತ್ತಿಕೊಂಡು ಬಂದು, “ಮಾವ, ರೆಕ್ಕೆಗೆ ಏನೂ ಆಗಿಲ್ಲ ನೋಡಿ!” ಎಂದು ಸಂತೋಷದಿಂದ ಕೂಗಿದ. ರೆಕ್ಕೆಯ ತುದಿಯಲ್ಲಿ ಒಂದು ಗೀರು, ಅಷ್ಟೆ. ಮಿಕ್ಕದ್ದನ್ನು ನೋಡಿದಾಗ, ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು, ರೋಗಿ ಮಾತ್ರ ಉಳಿಯಲಿಲ್ಲ ಎಂಬ ಹಾಸ್ಯ ನೆನಪಾಯಿತು. ನಡುವೆ ನಿಂತ ಉಕ್ಕಿನ ದಂಡ ಬಾಗಿತ್ತು. ಎರಡು ರೆಕ್ಕೆಗಳನ್ನು ಕೂಡಿಸುವ ಅಡ್ಡಕಂಬಿಯೂ ಬಾಗಿತ್ತು. ದೊಡ್ಡ ಗೇರಿನ ಹಲ್ಲುಗಳು ಸಾಲಾಗಿ ಉದುರಿದ್ದವು. ಬಾಲದ ಕೊಳವೆ ನೆಗ್ಗಿತ್ತು. ರೆಕ್ಕೆಯನ್ನು ಓರೆಮಾಡುವ ಸರ್ವೋ ಮೋಟಾರೊಂದು ಒಳಗೇ ಹಲ್ಲು ಮುರಿದುಕೊಂಡು ಗೊರಗೊರ ಎನ್ನುತ್ತಿತ್ತು.

ಬಿಡಿಭಾಗಗಳ ಲೆಕ್ಕ ಹಾಕಿದಾಗ ಮೂಗಿಗಿಂತ ಮೂಗುತಿ ಭಾರವಾಯಿತು. ಹೇಗೋ ಸರಿಮಾಡಿಸಿದ್ದಾಯಿತು. ಹದಿನೈದು ದಿನದಲ್ಲಿ ಇನ್ನೊಮ್ಮೆ ಅದೇ ಕಥೆ, ಅದೇ ಪಟ್ಟಿ. ಭಾವನವರು ಕೋಪಿಷ್ಠರಲ್ಲ, ಆದರೂ, “ಇನ್ನು ಸಾಕು, ಇದನ್ನು ಅಟ್ಟಕ್ಕೆ ಹಾಕಿ” ಎಂದರು. ಹುಡುಗ ಎದುರಾಡಲಿಲ್ಲ. ಊಟ ಬಿಟ್ಟು ಮಲಗಿದ. ರಾತ್ರಿ ತಂಗಿ ಫೋನು ಮಾಡಿ, “ಅಣ್ಣಾ, ದುಡ್ಡು ಹೋದರೆ ಹೋಗಲಿ. ಆ ರೆಕ್ಕೆ ಅವನ ಕಣ್ಣಿಗೋ ಕೈಗೋ ಬಡಿದರೆ ಏನು ಗತಿ? ಬೇಡವೆಂದರೆ ಅವನ ಮುಖ ನೋಡಲಾಗುವುದಿಲ್ಲ. ನೀನೇ ಏನಾದರೂ ದಾರಿ ಹೇಳು” ಎಂದಳು. ತಾಯಿಯ ಈ ಎರಡು ಭಯಗಳೂ ಸಣ್ಣವಲ್ಲ. ಮಗನಿಗೆ ಪೆಟ್ಟಾದೀತೆಂಬುದು ಒಂದು. ಮಗನ ಉತ್ಸಾಹ ಬತ್ತೀತೆಂಬುದು ಇನ್ನೊಂದು.

ನಾನು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿಯಲ್ಲಿಯೇ ಕೂದಲು ನರೆಸಿಕೊಂಡವನು. ದೊಡ್ಡ ಯಂತ್ರಗಳಲ್ಲಿ ಶಿಯರ್ ಪಿನ್ನು ಎಂಬ ಒಂದು ಗೂಟವನ್ನು ಬೇಕೆಂದೇ ಮೆದುವಾಗಿ ಮಾಡಿ ಇಟ್ಟಿರುತ್ತಾರೆ. ಎಲ್ಲಿಯಾದರೂ ಏನಾದರೂ ಸಿಕ್ಕಿಕೊಂಡು ಯಂತ್ರ ತಿಣುಕಿದರೆ, ಕೆಲವೇ ರೂಪಾಯಿಯ ಆ ಗೂಟ ಕತ್ತರಿಸಿಹೋಗಿ ಲಕ್ಷಾಂತರ ರೂಪಾಯಿಯ ಗೇರನ್ನು ಉಳಿಸುತ್ತದೆ. ಮನೆಯ ವಿದ್ಯುತ್ ಹಲಗೆಯ ಫ್ಯೂಜಿನ ತಂತಿಯ ಧರ್ಮವೂ ಇದೇ. “ಫ್ಯೂಜು ಪದೇ ಪದೇ ಹೋಗುತ್ತದೆ” ಎಂದು ದಪ್ಪ ತಂತಿ ಸುತ್ತಿದರೆ ಫ್ಯೂಜು ಉಳಿಯುತ್ತದೆ, ಮನೆ ಸುಡುತ್ತದೆ. ಹುಡುಗನ ಹೆಲಿಕಾಪ್ಟರಿನಲ್ಲಿ ನಡೆದದ್ದು ಇಷ್ಟೇ. ಫ್ಯೂಜಾಗಬೇಕಾಗಿದ್ದ ರೆಕ್ಕೆ ತಾನು ಗಟ್ಟಿಯಾಗಿ ನಿಂತು, ಪೆಟ್ಟನ್ನೆಲ್ಲ ಒಳಗಿನವರಿಗೆ ದಾಟಿಸಿಬಿಟ್ಟಿತ್ತು.

ಪೆಟ್ಟು ಎಷ್ಟೆಂದು ತಿಳಿಯಲು ದೊಡ್ಡ ಗಣಿತ ಬೇಡ. ಈ ಗಾತ್ರದ ಹೆಲಿಕಾಪ್ಟರಿನಲ್ಲಿ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 70 ಸೆಂಟಿಮೀಟರು. ಒಂದು ಸುತ್ತಿಗೆ ತುದಿ ನಡೆಯುವ ದಾರಿ 2.2 ಮೀಟರು. ನಿಮಿಷಕ್ಕೆ 2,500 ಸುತ್ತು ಎಂದಿಟ್ಟುಕೊಂಡರೆ 5,500 ಮೀಟರಾಯಿತು. ಗಂಟೆಗೆ 330 ಕಿಲೋಮೀಟರು. ಆ ತುದಿ ಸುತ್ತುವುದನ್ನು ಬಿಟ್ಟು ನೆಟ್ಟಗೆ ಹೊರಟರೆ, ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಒಂದು ಗಂಟೆಯ ಮೇಲೆ ನಾಲ್ಕು ನಿಮಿಷದಲ್ಲಿ ಬಂದು ಸೇರುತ್ತದೆ. 25 ಗ್ರಾಂ ತೂಗುವ ಒಂದು ರೆಕ್ಕೆ ಆ ವೇಗದಲ್ಲಿ ತನ್ನ ಬುಡವನ್ನು ಸುಮಾರು 30 ಕಿಲೋ ಭಾರ ತೂಗಿಬಿಟ್ಟಷ್ಟು ಬಲದಿಂದ ಹೊರಗೆ ಜಗ್ಗುತ್ತಿರುತ್ತದೆ. ಅಂಥದು ನೆಲಕ್ಕೆ ತಗುಲಿ ಕ್ಷಣಮಾತ್ರದಲ್ಲಿ ನಿಂತರೆ, ಆ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕು? ರೆಕ್ಕೆ ಸೀಳಿದರೆ, ಮುರಿದರೆ, ಬಳುಕಿದರೆ ಅದರಲ್ಲಿಯೇ ಬಹುಪಾಲು ಮುಗಿಯುತ್ತದೆ. ರೆಕ್ಕೆ ಜಗ್ಗದಿದ್ದರೆ ದಂಡವನ್ನೂ ಗೇರನ್ನೂ ಹುಡುಕಿಕೊಂಡು ಹೋಗುತ್ತದೆ.

ಹಾಗಾದರೆ ಯಾವ ರೆಕ್ಕೆ ಕೊಳ್ಳಬೇಕು? ಮಾರುಕಟ್ಟೆಯಲ್ಲಿ ನಾಲ್ಕು ಬಗೆ. ಮೊದಲನೆಯದು ಕಾರ್ಬನ್ ನಾರಿನದು. ನುರಿತವನ ಕೈಯಲ್ಲಿ ಅದಕ್ಕೆ ಸಮನಾದದ್ದಿಲ್ಲ. ಹೇಳಿದ ಮಾತನ್ನು ತಕ್ಷಣ ಕೇಳುತ್ತದೆ, ಗಾಳಿಗೆ ಬೆದರುವುದಿಲ್ಲ. ಸಣ್ಣ ಮಗುಚುವಿಕೆಯಲ್ಲಿ ತಾನು ಉಳಿದು ಇತರರನ್ನು ಕೊಲ್ಲುತ್ತದೆ. ದೊಡ್ಡ ಬೀಳುವಿಕೆಯಲ್ಲಿ ತಾನೂ ಸಿಡಿದು ಸೂಜಿಯಂಥ ಚೂರಾಗುತ್ತದೆ. ಆ ಚೂರುಗಳನ್ನು ಬರಿಗೈಯಲ್ಲಿ ಎತ್ತಬಾರದು. ಎರಡನೆಯದು ಗಾಜಿನ ನಾರಿನದು. ಕಾರ್ಬನ್ನಿಗಿಂತ ಸ್ವಲ್ಪ ಬಳುಕು, ಬೆಲೆಯೂ ಸ್ವಲ್ಪ ಇಳಿತ. ಆದರೆ ಕಲಿಯುವವನಿಗೆ ಅದೂ ಗಟ್ಟಿಯೇ.

ಮೂರನೆಯದು ಮರದ ರೆಕ್ಕೆ. ಇದೇ ಗಾತ್ರದ ಹಲವು ಹೆಲಿಕಾಪ್ಟರುಗಳು ಒಂದು ಕಾಲಕ್ಕೆ ಮರದ ರೆಕ್ಕೆಯೊಡನೆಯೇ ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ಈಗ ಅಂಗಡಿಗಳಲ್ಲಿ ವಿರಳ, ಹುಡುಕಿ ತರಿಸಬೇಕು. ಇದರ ರಚನೆ ಸ್ವಾರಸ್ಯವಾದದ್ದು. ಮುಂದಿನ ಅಂಚಿಗೆ ಗಟ್ಟಿಮರದ ಪಟ್ಟಿ, ಹಿಂದಿನ ಭಾಗಕ್ಕೆ ಬಾಲ್ಸಾದಂಥ ಹಗುರ ಮರ, ಎರಡನ್ನೂ ಅಂಟಿಸಿ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ, ಬೋಲ್ಟು ಕೂರುವ ಬುಡಕ್ಕೆ ಎರಡೂ ಕಡೆ ಬಲದ ಬಿಲ್ಲೆ. ಜಗ್ಗುವ ಬಲವನ್ನು ಗಟ್ಟಿಮರ ತಡೆಯುತ್ತದೆ. ಹಿಂದಿನ ಹಗುರ ಮರ ಆಕಾರ ಕೊಟ್ಟು ತೂಕ ಇಳಿಸುತ್ತದೆ. ನೆಲಕ್ಕೆ ತಗುಲಿದೊಡನೆ ನಾರಿನುದ್ದಕ್ಕೂ ಸೀಳಿ ಮುರಿದುಹೋಗುತ್ತದೆ.

ಇದನ್ನು ಹುಡುಗನಿಗೆ ವಿವರಿಸುವಾಗ ನಮ್ಮ ಎರಡು ಊರುಗಳ ಬೊಂಬೆಗಳೇ ನೆರವಿಗೆ ಬಂದವು. ವಿಜಯವಾಡದ ಹತ್ತಿರದ ಕೊಂಡಪಲ್ಲಿಯಲ್ಲಿ ಬೊಂಬೆ ಕೆತ್ತುವ ಮರ ತೆಲ್ಲ ಪೊಣಿಕಿ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಉಳಿ ತಗುಲಿದರೆ ಬೆಣ್ಣೆ. ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ ಅಂಟಿನಿಂದ ಕೂಡಿಸುತ್ತಾರೆ. ಇತ್ತ ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದಲ್ಲಿ, ವರಾಹ ನದಿಯ ದಂಡೆಯಲ್ಲಿ, ಅಂಕುಡು ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುತ್ತಾರೆ. ಅದು ನಯವಾದ, ಒತ್ತಾದ ನಾರಿನ ಮರ. ನಮ್ಮ ಚನ್ನಪಟ್ಟಣದ ಬೊಂಬೆಗಳಾಗುವ ಹಾಲೆ ಮರವೂ ಅದೇ ಜಾತಿಯದು. ಎಂದರೆ ಕನ್ನಡಿಗನಿಗೆ ಏಟಿಕೊಪ್ಪಾಕದಲ್ಲಿ ತವರಿನ ಮರ ಸಿಕ್ಕಿದಂತಾಯಿತು.

“ನೋಡೋ, ಮರದ ರೆಕ್ಕೆಯೆಂದರೆ ಮುಂದಿನ ಅಂಚು ನಮ್ಮೂರಿನ ಏಟಿಕೊಪ್ಪಾಕ, ಹಿಂದಿನ ಹೊಟ್ಟೆ ನಿಮ್ಮೂರಿನ ಕೊಂಡಪಲ್ಲಿ” ಎಂದೆ. ಹುಡುಗ ಕೂಡಲೆ, “ಹಾಗಾದರೆ ಪೊಣಿಕಿ ಮರ ತಂದು ನಾವೇ ಕೆತ್ತೋಣವೇ ಮಾವ?” ಎಂದ. ಬೇಡವೆಂದು ಖಂಡಿತವಾಗಿ ಹೇಳಿದೆ. 30 ಕಿಲೋ ಜಗ್ಗುವ ಬಲಕ್ಕೆ ಬರಿಯ ಪೊಣಿಕಿಯ ಬುಡ ಬೋಲ್ಟಿನಿಂದ ಹರಿದುಕೊಂಡು ಹೋಗುತ್ತದೆ. ಹೋದದ್ದು ಯಾರ ಮೇಲೆ ಬೀಳುತ್ತದೆಂದು ಹೇಳುವವರಾರು? ನೆಲಕ್ಕೆ ತಗುಲಿದಾಗ ಮುರಿಯುವುದು ಉಪಕಾರ. ಗಾಳಿಯಲ್ಲಿ ಸುತ್ತುವಾಗ ಮುರಿಯುವುದು ಅನಾಹುತ. ಈ ಎರಡರ ನಡುವಿನ ಗೆರೆಯನ್ನು ತಯಾರಕರು ಲೆಕ್ಕ ಹಾಕಿ, ಇಂತಿಷ್ಟು ಸುತ್ತಿಗಿಂತ ಹೆಚ್ಚು ಬೇಡ ಎಂದು ಬರೆದಿರುತ್ತಾರೆ. ಅದನ್ನು ಮೀರಬಾರದು.

ಮರದ ರೆಕ್ಕೆ ಬರಿಯ ಆಟಿಕೆಯ ಸಂಗತಿಯೇನೂ ಅಲ್ಲ. ಅಮೆರಿಕದಲ್ಲಿ 1946ರಲ್ಲಿ ನಾಗರಿಕ ಬಳಕೆಗೆ ಮೊದಲ ಪ್ರಮಾಣಪತ್ರ ಪಡೆದ ಬೆಲ್ 47 ಹೆಲಿಕಾಪ್ಟರು ಮೊದಲು ಹಾರಿದ್ದು ಮರದ ರೆಕ್ಕೆಗಳಿಂದಲೇ. ಮನುಷ್ಯರನ್ನು ಹೊತ್ತ ಮರ, ಹುಡುಗನ ಆಟಿಕೆಯನ್ನು ಹೊರಲಾರದೆ?

ನಾಲ್ಕನೆಯದು ಪ್ಲಾಸ್ಟಿಕ್ಕು, ಹೆಚ್ಚಾಗಿ ನೈಲಾನಿನಂಥದು. ಅಂಗೈಯಷ್ಟು ಹೆಲಿಕಾಪ್ಟರುಗಳಿಗೆ ಇದೇ ಸರಿ. ಡಬ್ಲ್ಯೂಎಲ್ ಟಾಯ್ಸ್ ಕಂಪನಿಯ ವಿ911 ಎಂಬ ಪುಟ್ಟ ಹೆಲಿಕಾಪ್ಟರು ಹೊಸಬರಿಗೆ ಮೆಚ್ಚಾಗಲು ಒಂದು ಕಾರಣ, ಅದರ ರೆಕ್ಕೆ ಪೆಟ್ಟು ತಿಂದಾಗ ಮಡಿಸಿಕೊಳ್ಳುತ್ತದೆ, ಇಲ್ಲವೆ ಕಳಚಿಕೊಳ್ಳುತ್ತದೆ; ಮತ್ತೆ ಸಿಕ್ಕಿಸಿ ಹಾರಿಸಬಹುದು. ಗೋಡೆಗೆ ತಗುಲಿದರೂ ಗೋಡೆಯ ಸುಣ್ಣಕ್ಕಷ್ಟೆ ನಷ್ಟ.

ಮೆತ್ತಗಿದ್ದಷ್ಟೂ ಒಳ್ಳೆಯದೆಂದು ಮಾತ್ರ ತಿಳಿಯಬಾರದು. ಸಾಂಬಾರಿಗೆ ಉಪ್ಪು ಬೇಕೆಂದು ಹಿಡಿಗಟ್ಟಲೆ ಸುರಿಯುತ್ತೇವೆಯೆ? ತೀರ ಮೆತ್ತನೆಯ ರೆಕ್ಕೆ, ಹೆಲಿಕಾಪ್ಟರು ನೆಲಕ್ಕೆ ಧೊಪ್ಪನೆ ಇಳಿದಾಗ ಕೆಳಕ್ಕೆ ಬಾಗಿ ತನ್ನದೇ ಬಾಲದ ಕೊಳವೆಯನ್ನು ಕಡಿದುಬಿಡುತ್ತದೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿರುವ ಆಟಿಕೆಗಳಲ್ಲಿ ಮೇಲಿನದೂ ಕೆಳಗಿನದೂ ಜಗಳವಾಡಿಕೊಳ್ಳುತ್ತವೆ. ಗಾಳಿಯಲ್ಲಿ ಮೆತ್ತನೆಯ ರೆಕ್ಕೆ ಹೇಳಿದ್ದನ್ನು ತಡವಾಗಿ ಕೇಳುತ್ತದೆ. ತೀರ ಹಗುರವಾದ ರೆಕ್ಕೆಗೆ ಇನ್ನೂ ಒಂದು ಕೊರತೆಯುಂಟು. ಮೋಟಾರು ನಿಂತಾಗ, ಸುತ್ತುವ ರೆಕ್ಕೆಯಲ್ಲಿ ಉಳಿದ ವೇಗದಿಂದಲೇ ಹೆಲಿಕಾಪ್ಟರನ್ನು ಮೆಲ್ಲನೆ ಇಳಿಸುವ ಒಂದು ವಿದ್ಯೆಯಿದೆ. ಅದಕ್ಕೆ ರೆಕ್ಕೆಯಲ್ಲಿ ಕೊಂಚ ತೂಕ ಬೇಕು. ಆ ವಿದ್ಯೆ ಕಲಿಯುವ ಹೊತ್ತಿಗೆ ರೆಕ್ಕೆಯನ್ನು ಬದಲಿಸಿಕೊಂಡರಾಯಿತು. ಬಾಲಶಿಕ್ಷೆಯ ಪುಸ್ತಕವನ್ನು ಎಂ. ಎ. ತರಗತಿಗೆ ಒಯ್ಯುವವರಿಲ್ಲ.

ಊರಿನ ಹವೆಯನ್ನೂ ಗಮನಿಸಬೇಕು. ವಿಜಯವಾಡದ ಬೇಸಿಗೆ ಎಂಥದೆಂದು ಅಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಹೇಳಬೇಕಾಗಿಲ್ಲ. ಮುಚ್ಚಿದ ಕಾರಿನೊಳಗೆ ಪ್ಲಾಸ್ಟಿಕ್ ರೆಕ್ಕೆಯನ್ನು ಬಿಟ್ಟುಹೋದರೆ ಸಂಜೆಗೆ ಅದು ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಸೊಟ್ಟ ರೆಕ್ಕೆಯಿಂದ ಯಂತ್ರವೆಲ್ಲ ನಡುಗುತ್ತದೆ. ವಿಶಾಖಪಟ್ಟಣದ ತೊಂದರೆ ಬೇರೆ. ಇಲ್ಲಿ ಸಮುದ್ರದ ತೇವ ಮರದೊಳಕ್ಕೆ ಇಳಿಯುತ್ತದೆ. ಹೊದಿಕೆಯ ಅಂಚು ಎದ್ದರೆ ರೆಕ್ಕೆ ಉಬ್ಬಿ, ಒಂದು ಇನ್ನೊಂದಕ್ಕಿಂತ ಭಾರವಾಗುತ್ತದೆ. ಆದುದರಿಂದ ವಿಜಯವಾಡಕ್ಕೆ ಮರ, ವಿಶಾಖಪಟ್ಟಣಕ್ಕೆ ಪ್ಲಾಸ್ಟಿಕ್ಕು ಎಂಬುದು ನನ್ನ ಅಭಿಪ್ರಾಯ. ಮರವನ್ನೇ ಬಳಸುವುದಾದರೆ ಹೊದಿಕೆಯ ಅಂಚನ್ನು ನೋಡಿಕೊಳ್ಳಿ, ಬಿಗಿಯಾದ ಡಬ್ಬಿಯಲ್ಲಿ ಮಟ್ಟವಾಗಿ ಮಲಗಿಸಿಡಿ.

ರೆಕ್ಕೆಯನ್ನು ಆರಿಸಿದರೆ ಅರ್ಧ ಕೆಲಸ ಮುಗಿಯಿತು. ಮಿಕ್ಕರ್ಧ ಕಟ್ಟುವುದರಲ್ಲಿದೆ. ಜೊತೆಯ ಎರಡು ರೆಕ್ಕೆಗಳೂ ಒಂದೇ ತೂಕವಿರಬೇಕು. ಅಡಿಗೆಮನೆಯ ಸಣ್ಣ ವಿದ್ಯುತ್ ತಕ್ಕಡಿ ಸಾಕು; ಹಗುರವಾದದ್ದಕ್ಕೆ ಬಣ್ಣದ ಟೇಪಿನ ತುಣುಕು ಅಂಟಿಸಿ ಸಮಮಾಡಿ. ಬೋಲ್ಟನ್ನು ಕಚ್ಚಿಸಿ ಬಿಗಿಯಬಾರದು. ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿ ಹಿಡಿದಾಗ ರೆಕ್ಕೆ ಜೋತುಬೀಳಬಾರದು, ಕೈಯಿಂದ ಮೆಲ್ಲನೆ ತಟ್ಟಿದರೆ ಮಡಿಸಿಕೊಳ್ಳಬೇಕು. ಅಷ್ಟೇ ಬಿಗಿ. ಹೀಗಿದ್ದರೆ ಪೆಟ್ಟು ಬಿದ್ದಾಗ ರೆಕ್ಕೆ ಹಿಂದಕ್ಕೆ ಮಡಿಸಿಕೊಂಡು ಒಂದಷ್ಟು ಬಲವನ್ನು ತಾನೇ ನುಂಗುತ್ತದೆ. ಸುತ್ತಿನ ವೇಗವನ್ನೂ ಇಳಿಸಬಹುದು. 2,500 ಇದ್ದದ್ದನ್ನು 2,000ಕ್ಕೆ ತಂದರೆ ರೆಕ್ಕೆಯಲ್ಲಿರುವ ಶಕ್ತಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಏಕೆಂದರೆ ಅದು ವೇಗದ ವರ್ಗದಂತೆ ಏರಿಳಿಯುತ್ತದೆ. ದುಡ್ಡು ಕೊಡದೆ ಸಿಕ್ಕುವ ರಕ್ಷಣೆ ಇದು.

ಎಲ್ಲಕ್ಕಿಂತ ದೊಡ್ಡದು ಮೋಟಾರನ್ನು ನಿಲ್ಲಿಸುವ ಗುಂಡಿ. ಕೈಮೀರಿತು ಎನಿಸಿದೊಡನೆ, ನೆಲಕ್ಕೆ ತಗುಲುವ ಮೊದಲೇ ಅದನ್ನು ಒತ್ತಬೇಕು. ಉಳಿಸಿಕೊಳ್ಳುವ ಆಸೆಯಿಂದ ಕೊನೆಯ ಗಳಿಗೆಯವರೆಗೂ ಮೋಟಾರನ್ನು ಓಡಿಸಿದರೆ, ನೆಲಕ್ಕೆ ಬಿದ್ದ ಮೇಲೂ ಅದು ತಿರುಗಲು ಹೆಣಗಾಡಿ ಗೇರಿನ ಹಲ್ಲನ್ನು ತಿಂದುಹಾಕುತ್ತದೆ. ಬೀಳುವುದು ಖಚಿತವಾದಾಗ ಬೀಳಲು ಬಿಡುವುದೂ ಒಂದು ವಿದ್ಯೆ.

ಬಿದ್ದ ರೆಕ್ಕೆಯ ವಿಷಯದಲ್ಲಿ ಜಿಪುಣತನ ಕೂಡದು. ನಮ್ಮ ಮಧ್ಯಮ ವರ್ಗದವರಿಗೆ ಅಂಟು ಹಾಕಿ ಮತ್ತೆ ಬಳಸುವ ಚಾಳಿ ರಕ್ತದಲ್ಲಿಯೇ ಇದೆ. ಕುರ್ಚಿಯ ಕಾಲಿಗೆ ಅದು ಸರಿ. ರೆಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಕೈಯಿಂದಲೇ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಬೇಕು, ಇನ್ನಾರೂ ಎತ್ತಿ ಬಳಸದಂತೆ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಹತ್ತೊಂಬತ್ತು ವರ್ಷದ ನುರಿತ ಹುಡುಗನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ಪೆಟ್ಟಿನಿಂದ ಪ್ರಾಣ ಕಳೆದುಕೊಂಡ. ಅದು ನಮ್ಮ ಹುಡುಗನದಕ್ಕಿಂತ ದೊಡ್ಡ ಯಂತ್ರ, ನಿಜ. ಆದರೂ ಗಂಟೆಗೆ 330 ಕಿಲೋಮೀಟರಿನ ತುದಿಗೆ ಕಣ್ಣಿಗೂ ಬದನೆಕಾಯಿಗೂ ವ್ಯತ್ಯಾಸ ತಿಳಿಯದು. ಮುರಿಯುವ ರೆಕ್ಕೆ ಯಂತ್ರವನ್ನು ಉಳಿಸುತ್ತದೆ. ಮನುಷ್ಯನನ್ನು ಉಳಿಸುವುದು ದೂರ. ಮರದ್ದೇ ಆಗಲಿ ಪ್ಲಾಸ್ಟಿಕ್ಕೇ ಆಗಲಿ, ಹಾರಿಸುವವನು ಹತ್ತು ಹೆಜ್ಜೆ ಹಿಂದೆ, ನೋಡುವವರು ಅವನಿಗಿಂತಲೂ ಹಿಂದೆ, ಕಣ್ಣಿಗೆ ಕನ್ನಡಕ.

ಭಾವನವರ ಮುಂದೆ ಇದನ್ನೆಲ್ಲ ಇಟ್ಟಾಗ ಅವರು ಕೇಳಿದ್ದು ಒಂದೇ ಮಾತು: “ಇನ್ನು ಬೀಳುವುದಿಲ್ಲವೆ?” ಬೀಳುತ್ತದೆ ಎಂದೆ. ಬೀಳದೆ ಕಲಿತವರಿಲ್ಲ, ಬಿದ್ದಾಗ ಎಷ್ಟು ಕೊಡಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಒಂದು ಜೊತೆ ಕಾರ್ಬನ್ನಿನ ಬೆಲೆಗೆ ಎರಡು ಜೊತೆ ಮರದ್ದು ಸಿಕ್ಕಿತು. ತಂಗಿ ತನ್ನ ಷರತ್ತುಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ತೂಗುಹಾಕಿದಳು: ಒಬ್ಬನೇ ಹೋಗಕೂಡದು, ಕನ್ನಡಕವಿಲ್ಲದೆ ಹಾರಿಸಕೂಡದು, ಬಿರುಕಿನ ರೆಕ್ಕೆ ಮನೆಯೊಳಗೆ ಬರಕೂಡದು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇರುವ ಜಾಗದಲ್ಲಿ ಮಾತ್ರ ಹಾರಿಸಬೇಕೆಂದು ನಾನೊಂದು ಸೇರಿಸಿದೆ. ಅತ್ತ ಗನ್ನವರಂ ವಿಮಾನ ನಿಲ್ದಾಣ, ಇತ್ತ ನಮ್ಮೂರಿನ ನೌಕಾಪಡೆಯ ಡೇಗಾ ನೆಲೆ. ಎರಡೂ ಊರುಗಳಲ್ಲಿ ಆಕಾಶ ಎಲ್ಲರಿಗೂ ಎಲ್ಲೆಡೆಯೂ ತೆರೆದಿಲ್ಲ.

ಆಮೇಲಿನ ಎರಡು ತಿಂಗಳಲ್ಲಿ ಹೆಲಿಕಾಪ್ಟರು ಐದು ಸಲ ಬಿತ್ತು. ಎರಡು ಜೊತೆ ಮುಗಿದು ಮೂರನೆಯದನ್ನು ತರಿಸಬೇಕಾಯಿತು. ದಂಡ ಬಾಗಿದ್ದು ಒಮ್ಮೆ. ಗೇರು, ಸರ್ವೋ, ಬಾಲದ ಕೊಳವೆ ಇದ್ದಂತೆಯೇ ಇವೆ. ಭಾವನವರು ಖರ್ಚಿನ ಪುಸ್ತಕದಲ್ಲಿ ಇದಕ್ಕೊಂದು ಪುಟ ತೆರೆದಿದ್ದಾರೆ, ತಿಂಗಳಿಗೆ ಇಷ್ಟೆಂದು. ಮೊದಲು ಬಿದ್ದಾಗಲೆಲ್ಲ ಅಪ್ಪನ ಮುಖ ನೋಡುತ್ತಿದ್ದ ಹುಡುಗ ಈಗ ಬಿದ್ದದ್ದು ಏಕೆಂದು ಯೋಚಿಸುತ್ತಾನೆ. ನನ್ನ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಲಾಭ. ಹೆದರಿದ ಕೈಗೆ ಯಾವ ವಿದ್ಯೆಯೂ ಹತ್ತುವುದಿಲ್ಲ.

ಮೊನ್ನೆ ಅವನೊಂದು ಜಾಣ ಪ್ರಶ್ನೆ ಕೇಳಿದ. “ಮಾವ, ಮುರಿಯುವ ರೆಕ್ಕೆ ಅಷ್ಟು ಒಳ್ಳೆಯದಾದರೆ ಪ್ರವಾಹದಲ್ಲಿ ಬಂದ ದೊಡ್ಡ ಹೆಲಿಕಾಪ್ಟರಿಗೆ ಅದನ್ನೇಕೆ ಕಟ್ಟಲಿಲ್ಲ?” ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1992ರಲ್ಲಿ ಮೊದಲು ಹಾರಿದ ಧ್ರುವದ ಮಾತನ್ನೇ ಹೇಳಿದೆ. ಅದರ ನಾಲ್ಕು ರೆಕ್ಕೆಗಳೂ ನಾರು ಹೆಣೆದು ಮಾಡಿದ ಗಟ್ಟಿ ಪದಾರ್ಥದವು. ಅಲ್ಲಿ ಮನುಷ್ಯ ಒಳಗೆ ಕುಳಿತಿದ್ದಾನೆ. ರೆಕ್ಕೆ ಹೋದರೆ ಎಲ್ಲ ಹೋಯಿತು. ಆದರೆ ಅಲ್ಲಿಯೂ ಪೆಟ್ಟು ನುಂಗುವವರು ಬೇಕು. ಇಂದಿನ ಸೇನಾ ಹೆಲಿಕಾಪ್ಟರುಗಳಲ್ಲಿ ಆ ಕೆಲಸವನ್ನು ಆಸನ ಮಾಡುತ್ತದೆ. ಜೋರಾಗಿ ನೆಲಕ್ಕಪ್ಪಳಿಸಿದಾಗ ಅದು ತಾನು ಕುಸಿದು ಕುಳಿತವನ ಬೆನ್ನುಮೂಳೆಯನ್ನು ಕಾಯುತ್ತದೆ. ಯಾವುದು ಉಳಿಯಲೇಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಮುರಿಯುವುದನ್ನು ಆರಿಸುವುದೇ ಎರಡೂ ಕಡೆಯ ರೀತಿ.

ಸಂಘದ ಬಂಧುಗಳಲ್ಲಿ ಮಕ್ಕಳಿಗೆ ಇಂಥ ಯಂತ್ರ ಕೊಡಿಸುವವರಿದ್ದರೆ ನನ್ನದೊಂದು ಬಿನ್ನಹ. ಪೆಟ್ಟಿಗೆಯೊಡನೆ ಎರಡು ಜೊತೆ ಅಗ್ಗದ ರೆಕ್ಕೆಯನ್ನೂ ಅಂದೇ ಕೊಂಡಿಡಿ. ಮೊದಲ ಸಲ ಬಿದ್ದಾಗ ಮಗುವಿನ ಕೈಗೆ ಬೈಗಳ ಬದಲು ಎರಡನೆಯ ಜೊತೆಯನ್ನು ಕೊಡಿ. ಮುರಿದದ್ದನ್ನು ಅದರ ಕೈಯಿಂದಲೇ ಬಿಚ್ಚಿಸಿ, ಹೊಸದನ್ನು ಅದರ ಕೈಯಿಂದಲೇ ತೂಗಿಸಿ ಕಟ್ಟಿಸಿ. ಹಾರಿಸುವುದನ್ನು ಅದು ನಿಧಾನವಾಗಿ ಕಲಿಯಲಿ, ಅವಸರವೇನೂ ಇಲ್ಲ.